ಕೀಟಗಳ ಕೂಡುಕುಟುಂಬ

ಮನುಷ್ಯನನ್ನು ಕುಟುಕಿದ ಜೇನುನೊಣವು ಮುಳ್ಳನ್ನು ಅವನ ಚರ್ಮದಲ್ಲಿಯೇ ಕಳೆದುಕೊಂಡು ಸಾಯುವುದೆಂಬುದನ್ನು ನಮ್ಮ ಶ್ರೋತೃಗಳು ಬಲ್ಲರು. ಬದುಕಿದ್ದರೂ ಅದು ತಾಯಾಗುತ್ತಿದ್ದುದು ತೀರ ಅಪೂರ್ವ. ಮೊಟ್ಟೆಯಿಡುವ ಅಧಿಕಾರವು ರಾಣಿಯದು. ಹಾಗಾದರೆ ಸಂತಾನವಿಲ್ಲದವರ ಈ ತ್ಯಾಗಗುಣವು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದೆಂತು? 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಾರ್ವಿನ್ನನು, ಬಂಜೆಕೀಟಗಳ ಈ ಸಮಸ್ಯೆಯು ತನ್ನ ಸಿದ್ಧಾಂತಕ್ಕೇ ಮಾರಕವೆಂದು ಮೊದಲು ತೋರಿತೆಂಬುದನ್ನು ಮರೆಮಾಚದೆ ಹೇಳಿದ್ದಾನೆ. ಆಯ್ಕೆಯು ಕುಟುಂಬಕ್ಕೂ ಅನ್ವಯಿಸಬಹುದೆಂದು ಅವನು ಸಮಾಧಾನ ಕಂಡುಕೊಂಡನು. ಅದನ್ನು ಲೆಕ್ಕಕ್ಕೆ ಇಳಿಸಿದವನು, 1964ರಲ್ಲಿ, ಇಂಗ್ಲೆಂಡಿನ ಹ್ಯಾಮಿಲ್ಟನ್.

ನಮ್ಮ ವಂಶವಾಹಿಗಳ ಪ್ರತಿಗಳು ಮಕ್ಕಳಲ್ಲಿರುವಂತೆ ಒಡಹುಟ್ಟಿದವರಲ್ಲಿಯೂ ಇರುತ್ತವಷ್ಟೆ. ಬಂಧುವಿಗಾಗುವ ಲಾಭವನ್ನು ಬಂಧುತ್ವದ ಪ್ರಮಾಣದಿಂದ ಗುಣಿಸಿದಾಗ, ಅದು ನೆರವಿತ್ತವನ ನಷ್ಟವನ್ನು ಮೀರಿದರೆ ನೆರವಿನ ಗುಣವು ಹರಡುವುದು. ಜೇನು, ಇರುವೆ, ಕಡಜಗಳಲ್ಲಿ ಇನ್ನೊಂದು ವಿಚಿತ್ರವುಂಟು: ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಅದಕ್ಕೆ ತಂದೆಯೇ ಇಲ್ಲ! ಆದಕಾರಣ ಅದು ತನ್ನ ಹೆಣ್ಣುಮಕ್ಕಳೆಲ್ಲರಿಗೂ ಒಂದೇ ವಂಶವಾಹಿಗಳನ್ನು ಕೊಡುತ್ತದೆ. ಒಬ್ಬನೇ ತಂದೆಯ ಅಕ್ಕತಂಗಿಯರ ಬಂಧುತ್ವ ಮುಕ್ಕಾಲು, ತಾಯಿಮಗಳದಾದರೋ ಅರ್ಧ. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಮೇಲೆಂದಾಯಿತು.

ಈ ಮುಕ್ಕಾಲಿನ ಸೊಬಗಿಗೆ ಅನೇಕರು ಮರುಳಾದರು. ನಾವು ಅಷ್ಟು ಬೇಗನೆ ಒಪ್ಪಲಾರೆವು. ತಮ್ಮನೊಡನೆ ಅಕ್ಕನ ಬಂಧುತ್ವ ಬರಿಯ ಕಾಲು. ಜೇನಿನ ರಾಣಿಯು ಹತ್ತಾರು ಗಂಡುಗಳನ್ನು ಕೂಡುವುದರಿಂದ ಅವಳ ಹೆಣ್ಣುಮಕ್ಕಳಲ್ಲಿ ಬಹುಪಾಲಿನವರು ಬೇರೆಬೇರೆ ತಂದೆಯರವರು. ಗೆದ್ದಲಿನಲ್ಲಂತೂ ಗಂಡಿಗೂ ತಂದೆಯುಂಟು. ಆದರೂ ಹುತ್ತದ ಸಂಸಾರ ನಡೆದೇ ಇದೆ.

ಇದಕ್ಕೆ ಒಳ್ಳೆಯ ಸಾಕ್ಷಿ ದೂರದಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರೂ ಸಂಗಡಿಗರೂ ಬಹುಕಾಲ ಪರಿಶೀಲಿಸಿದ ರೋಪಾಲಿಡಿಯ ಮಾರ್ಜಿನೇಟ ಎಂಬ ಕಡಜವು ಕಾಗದದಂತಹ ಗೂಡು ಕಟ್ಟಿಕೊಂಡು ನಮ್ಮ ಕಟ್ಟಡಗಳಲ್ಲಿಯೇ ವಾಸಿಸುತ್ತದೆ. ರಾಣಿಯು ಹಲವು ಗಂಡುಗಳನ್ನು ಕೂಡುವಳು, ರಾಣಿಯರೂ ಬದಲಾಗುತ್ತಿರುವರು, ಬಂಧುತ್ವವು ಮುಕ್ಕಾಲಿನಿಂದ ಬಹಳ ಕೆಳಗಿಳಿಯುವುದು. ಒಂಟಿಯಾಗಿ ಗೂಡುಕಟ್ಟಿ ತಾಯಾಗಬಲ್ಲ ಹೆಣ್ಣುಗಳೂ ದುಡಿಮೆಗೇ ನಿಲ್ಲುವುದೇಕೆ? ಮರಿ ಬೆಳೆಯಲು ವಾರಗಳು ಬೇಕು. ಒಂಟಿ ತಾಯಿ ಅಷ್ಟರಲ್ಲಿ ಸತ್ತರೆ ಪಟ್ಟ ಪಾಡೆಲ್ಲ ವ್ಯರ್ಥ. ಕೂಡುಗೂಡಿನಲ್ಲಿ ಸತ್ತವಳ ಕೆಲಸವನ್ನು ಉಳಿದವರು ಪೂರೈಸುವರು. ಹ್ಯಾಮಿಲ್ಟನ್ನನ ಲೆಕ್ಕದಲ್ಲಿ ಬಂಧುತ್ವವೊಂದನ್ನೇ ನೋಡಿ ಲಾಭನಷ್ಟಗಳನ್ನು ಮರೆತವರಿಗೆ ಇದು ಕಾಣಲಿಲ್ಲ. ಇದಲ್ಲದೆ ದುಡಿಯುವವಳಿಗೆ ಒಂದು ಆಸೆಯೂ ಉಂಟು: ರಾಣಿಯನ್ನು ತೆಗೆದುಬಿಟ್ಟರೆ ದುಡಿಯುತ್ತಿದ್ದವರಲ್ಲೊಬ್ಬಳು ಕೆಲವು ನಿಮಿಷಗಳಲ್ಲೇ ರೌದ್ರಳಾಗುವಳು, ಉಳಿದವರು ಎದುರಾಡದೆ ಒಪ್ಪಿಕೊಳ್ಳುವರು. ಸುಮಾರು ಒಂದು ವಾರದಲ್ಲಿ ಅವಳು ಮೊಟ್ಟೆಯಿಡತೊಡಗಿ, ಕ್ರಮೇಣ ಹಿಂದಿನ ರಾಣಿಯಷ್ಟೇ ಸೌಮ್ಯಳಾಗುವಳು.