ಊಟದ ಡಬ್ಬಿಯೂ ಉಳಿಯಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ಪ್ರಾವಿಡೆಂಟ್ ಫಂಡು, ವಾರದ ರಜೆ, ಇವುಗಳ ಮಾತನ್ನು ನಮ್ಮ ಕಾರ್ಯದರ್ಶಿಗಳು ಆಗಲೇ ಆಡಿ ಮುಗಿಸಿದ್ದಾರೆ. ನಾನು ಎತ್ತಿಕೊಂಡಿರುವ ವಿಷಯ ಬೇರೆ. ಓಡಾಟ ನಿಲ್ಲಿಸಿದ ರೈಲು ಡಬ್ಬಿಗಳನ್ನು ಉಳಿಸುವುದು, ದುರಸ್ತಿ ಮಾಡುವುದು, ಅದರಲ್ಲೂ ಊಟದ ಡಬ್ಬಿಯನ್ನು ಉಳಿಸುವುದು. ಹಿಂದಿನ ಸಾಲಿನಲ್ಲಿ ಒಬ್ಬರು ನಗುವುದು ಕಾಣುತ್ತಿದೆ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಏಕೆ ಎಂದು ಅವರು ಕೇಳಬಹುದು. ಕೇಳಲಿ. ಹತ್ತು ನಿಮಿಷ ಕಿವಿ ಕೊಟ್ಟ ಮೇಲೆ ಅವರೇ ತೀರ್ಮಾನ ಹೇಳಲಿ.

ಪುಣೆಯಲ್ಲಿರುವ ನಮಗೆ ಡೆಕ್ಕನ್ ಕ್ವೀನ್ ಗಾಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಗ್ಗೆ ಏಳೂ ಕಾಲಕ್ಕೆ ಪುಣೆ ಬಿಡುತ್ತದೆ, ಸಂಜೆ ಮುಂಬಯಿಂದ ಹಿಂದಿರುಗುತ್ತದೆ. ಇದು ಮೊದಲು ಹೊರಟದ್ದು 1930ನೇ ಇಸವಿ ಜೂನ್ 1ರಂದು. ಆಗಿನ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರು ಏಳೇಳು ಡಬ್ಬಿಗಳ ಎರಡು ಗಾಡಿ ಕಟ್ಟಿಸಿದರು. ಒಂದಕ್ಕೆ ಬೆಳ್ಳಿಯ ಬಣ್ಣ, ಕೆಂಪು ಪಟ್ಟಿ. ಇನ್ನೊಂದಕ್ಕೆ ನೀಲಿ ಬಣ್ಣ, ಬಂಗಾರದ ಗೆರೆ. ಕೆಳಗಿನ ಚೌಕಟ್ಟು ಇಂಗ್ಲೆಂಡಿನಿಂದ ಬಂತು. ಮೇಲಿನ ಡಬ್ಬಿಯನ್ನು ಕಟ್ಟಿದವರು ಮುಂಬಯಿಯ ಮಾಟುಂಗಾ ಕಾರ್ಖಾನೆಯ ಕೆಲಸಗಾರರು. ಆ ಮಾತು ನೆನಪಿರಲಿ. ರಾಣಿಯ ಸೀರೆ ನೇಯ್ದವರು ನಮ್ಮ ಜನ.

ಆದರೆ ಹತ್ತುವ ಹಕ್ಕು? ಮೊದಲಿಗೆ ಆ ಗಾಡಿಯಲ್ಲಿ ಇದ್ದದ್ದು ಒಂದನೇ ತರಗತಿ, ಎರಡನೇ ತರಗತಿ ಮಾತ್ರ. ಮೂರನೇ ತರಗತಿಯ ಡಬ್ಬಿ ಸೇರಿದ್ದು 1955ರಲ್ಲಿ. ಅಂದರೆ ಇಪ್ಪತ್ತೈದು ವರ್ಷ ನಮ್ಮಂಥವನು ಅದರೊಳಗೆ ಕಾಲಿಡಬೇಕಾದರೆ ಕೈಯಲ್ಲಿ ಟಿಕೇಟಿನ ಬದಲು ಟ್ರೇ ಇರಬೇಕಾಗಿತ್ತು. ದೇಶ ಸ್ವತಂತ್ರವಾಗಿ ಎಂಟು ವರ್ಷವಾದ ಮೇಲೆ ಆ ಬಾಗಿಲು ತೆರೆಯಿತು.

ಮುಂದೆ 1966ರಲ್ಲಿ ಆ ಹಳೆಯ ಡಬ್ಬಿಗಳನ್ನು ತೆಗೆದು ಮದರಾಸಿನ ಪೆರಂಬೂರು ಕಾರ್ಖಾನೆಯ ಉಕ್ಕಿನ ಡಬ್ಬಿಗಳನ್ನು ಜೋಡಿಸಿದರು. ಆಮೇಲೂ ಡಬ್ಬಿಗಳು ಬದಲಾದವು. ಕೊನೆಗೆ 2022ರ ಜೂನ್ ತಿಂಗಳಲ್ಲಿ ಜರ್ಮನ್ ಮಾದರಿಯ ಎಲ್.ಎಚ್.ಬಿ. ಡಬ್ಬಿಗಳು ಬಂದವು. ಊಟದ ಡಬ್ಬಿಯಲ್ಲಿ 32 ಜನ ಕೂರುತ್ತಿದ್ದರು, ಹೊಸದರಲ್ಲಿ 40 ಜನ ಕೂರಬಹುದು. ಹೆಸರು ಅದೇ, ಒಡಲು ಬೇರೆ ಬೇರೆ.

ಹೊಸದು ಬಂದದ್ದಕ್ಕೆ ಅಳುವವನು ನಾನಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹಳೆಯ ಕಾಲದ ಡಬ್ಬಿಗಳು ಅಪಘಾತವಾದರೆ ಒಂದರೊಳಗೊಂದು ನುಗ್ಗಿಬಿಡುತ್ತಿದ್ದವು. ಅದನ್ನು ತಡೆಯಲೆಂದೇ ಉಕ್ಕಿನ ಡಬ್ಬಿ ಬಂತು. ಅದರಲ್ಲೂ ಉಳಿದಿದ್ದ ದೋಷವೆಂದರೆ ಒಂದರ ಮೇಲೊಂದು ಹತ್ತುವುದು; ಎಲ್.ಎಚ್.ಬಿ. ಡಬ್ಬಿಯ ಕೊಂಡಿಯನ್ನು ಅದು ಆಗದಂತೆ ಮಾಡಿದ್ದಾರೆ. ಗಾಡಿಯೊಳಗೆ ಅಡುಗೆ ಮಾಡುವವನಿಗೂ ಜೀವ ಉಂಟು. ಓಡುವ ಹಕ್ಕು ಹೊಸದಕ್ಕೇ ಸೇರಬೇಕು. ನನ್ನ ಪ್ರಶ್ನೆ ಇಷ್ಟೆ: ಓಡಾಟ ಮುಗಿಸಿದ ಹಳೆಯದರಲ್ಲಿ ಒಂದಾದರೂ, ನಮ್ಮ ಕೆಲಸದ ಗುರುತಿನೊಡನೆ, ನಿಲ್ಲಬೇಕೋ ಬೇಡವೋ?

ಜಪಾನಿನವರು ಈ ಪ್ರಶ್ನೆಗೆ ಕೊಟ್ಟ ಉತ್ತರ ನೋಡಿ. ಟೋಕಿಯೊದಿಂದ ಒಸಾಕಾಕ್ಕೆ 1964ನೇ ಇಸವಿ ಅಕ್ಟೋಬರ್ 1ರಂದು ಅವರು ಶಿಂಕಾನ್ಸೆನ್ ಎಂಬ ಅತಿವೇಗದ ಗಾಡಿ ಬಿಟ್ಟರು. ಗಂಟೆಗೆ 210 ಕಿಲೋಮೀಟರು. ಮರುವರ್ಷ 515 ಕಿಲೋಮೀಟರಿನ ಆ ದಾರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಿಯಿತು. ನಮ್ಮ ರಾಣಿ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ 192 ಕಿಲೋಮೀಟರು ಹೋಗುತ್ತಾಳೆ. ಅವಳಿಗೆ ಘಾಟಿ ಇಳಿಯುವ, ಏರುವ ಕಷ್ಟ ಉಂಟು ಎನ್ನಿ. ಆ ಮೊದಲ ಜಾತಿಯ ಡಬ್ಬಿಗಳಿಗೆ ಸೊನ್ನೆ ಶ್ರೇಣಿ ಎಂದು ಹೆಸರು. 1986ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಕಟ್ಟಿದರು. ಅಷ್ಟು ವೇಗದಲ್ಲಿ ಸುರಂಗಕ್ಕೆ ನುಗ್ಗಿದಾಗಲೆಲ್ಲ ಗಾಳಿ ಡಬ್ಬಿಯನ್ನು ಹೊರಗಿನಿಂದ ಹಿಸುಕುತ್ತದೆ, ಹೊರಬಂದಾಗ ಬಿಡುತ್ತದೆ. ತಗಡನ್ನು ಮತ್ತೆ ಮತ್ತೆ ಬಗ್ಗಿಸಿದರೆ ಏನಾಗುತ್ತದೋ ಅದೇ ಆಗುತ್ತದೆ. ಹೀಗಾಗಿ ನಮ್ಮ ಉಕ್ಕಿನ ಡಬ್ಬಿ 25 ವರ್ಷ ಬಾಳಿದರೆ ಅವರದಕ್ಕೆ ಅಷ್ಟು ಆಯುಷ್ಯವಿಲ್ಲ. ಹಳೆಯ ಸೊನ್ನೆ ಶ್ರೇಣಿಯನ್ನು ತೆಗೆದು ಹೊಸ ಸೊನ್ನೆ ಶ್ರೇಣಿಯನ್ನೇ ಹಾಕಿದ್ದೂ ಉಂಟು. 2008ರಲ್ಲಿ ಕೊನೆಯವು ನಿವೃತ್ತಿ ಹೊಂದಿದವು.

ಹೆಚ್ಚಿನವು ಗುಜರಿಗೆ ಹೋದವು. ಆದರೆ ಕೆಲವನ್ನು ಉಳಿಸಿದರು. ಕ್ಯೋತೊ ನಗರದ ವಸ್ತುಸಂಗ್ರಹಾಲಯದಲ್ಲಿ ಮೊಟ್ಟಮೊದಲ ಗಾಡಿಯ ಡಬ್ಬಿಗಳಿವೆ. ಅವುಗಳಲ್ಲೊಂದು ತಿಂಡಿಯ ಡಬ್ಬಿ. ಒಂದು ಡಬ್ಬಿಯನ್ನು 2001ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನ ರೈಲ್ವೆ ಸಂಗ್ರಹಾಲಯಕ್ಕೆ ದಾನ ಕೊಟ್ಟರು. ಶಿಕೋಕು ಎಂಬ ದ್ವೀಪದಲ್ಲಿ ಶಿಂಕಾನ್ಸೆನ್ ಓಡುವುದೇ ಇಲ್ಲ. ಆದರೂ ಅಲ್ಲಿಯ ಸೈಜೊ ಎಂಬ ಊರಿನಲ್ಲಿ ಒಂದನ್ನು ತಂದು ಇಟ್ಟಿದ್ದಾರೆ. ಏಕೆಂದರೆ ಆ ರೈಲಿಗಾಗಿ ಹಟ ಹಿಡಿದು ಹೋರಾಡಿದ ರೈಲ್ವೆ ಮುಖ್ಯಸ್ಥ ಶಿಂಜಿ ಸೊಗೊ ಎಂಬವರು ಆ ಸೀಮೆಯವರು.

ನಮಗೆ ಸಂಬಂಧಪಟ್ಟದ್ದು ನಗೋಯಾ ಊರಿನ ಸಂಗ್ರಹಾಲಯ. 2011ರಲ್ಲಿ ತೆರೆದದ್ದು. ಅಲ್ಲಿ ಸೊನ್ನೆ ಶ್ರೇಣಿಯ ಒಂದು ಪೂರ್ತಿ ಊಟದ ಡಬ್ಬಿ ನಿಂತಿದೆ. ಆ ಗಾಡಿಗಳಿಗೆ ಊಟದ ಡಬ್ಬಿ ಬಂದದ್ದು 1974ರಲ್ಲಿ. ಓಡಾಡುವ ಪ್ರಯಾಣಿಕರು ಊಟದವರಿಗೆ ತಾಗದಿರಲಿ ಎಂದು ಒಂದು ಪಕ್ಕದಲ್ಲಿ ಓಣಿ ಬಿಟ್ಟು ನಡುವೆ ಗೋಡೆ ಎಬ್ಬಿಸಿದರು. ಒಳ್ಳೆಯ ಯೋಚನೆಯೇ. ಆದರೆ ಫೂಜಿ ಬೆಟ್ಟ ಕಾಣುವುದು ಓಣಿಯ ಕಡೆಗೆ! ಕಾಸು ಕೊಟ್ಟು ಕೂತ ಗಿರಾಕಿಗೆ ಗೋಡೆ ದರ್ಶನ. ಜನ ಗೊಣಗಿದರು, ಕೆಲವು ವರ್ಷದ ಮೇಲೆ ಗೋಡೆಯಲ್ಲಿ ಕಿಟಕಿ ಕೊರೆದರು. ನಮ್ಮ ಭಟ್ಟರನ್ನೋ ಮಾಣಿಯನ್ನೋ ಒಂದು ಮಾತು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು, ಗಿರಾಕಿ ಮೊದಲು ಹುಡುಕುವುದು ಕಿಟಕಿ ಪಕ್ಕದ ಮೇಜನ್ನೇ ಎಂದು. 2000ನೇ ಇಸವಿಯಲ್ಲಿ ಶಿಂಕಾನ್ಸೆನ್‌ನ ಊಟದ ಡಬ್ಬಿಗಳು ನಿಂತುಹೋದವು. ನಿಂತ ಮೇಲೂ ಹೀಗೆ ಕೆಲಸ ನಡೆಯುತ್ತಿತ್ತು ಎಂದು ತೋರಿಸಲು ಅಲ್ಲಿ ಒಂದು ಡಬ್ಬಿ ಉಂಟು.

ಈಗ ಉಳಿಸುವ ಕ್ರಮಕ್ಕೆ ಬರೋಣ. ತಂದು ನಿಲ್ಲಿಸಿ ಬಣ್ಣ ಬಳಿದರೆ ಆಯಿತು ಎಂದು ತಿಳಿಯಬೇಡಿ. ಓಡುವ ಡಬ್ಬಿಗಿಂತ ನಿಂತ ಡಬ್ಬಿ ಬೇಗ ಹಾಳಾಗುತ್ತದೆ. ಓಡುವುದಕ್ಕೆ ತೊಳೆಯುವವರಿದ್ದಾರೆ, ತಪಾಸಣೆ ಮಾಡುವವರಿದ್ದಾರೆ, ಕಾಲಕಾಲಕ್ಕೆ ಕಾರ್ಖಾನೆಗೆ ಹೋಗಿ ಬಿಚ್ಚಿಸಿಕೊಂಡು ಬರುತ್ತದೆ. ನಿಂತದ್ದನ್ನು ಯಾರು ಕೇಳುತ್ತಾರೆ? ಮಳೆಗಾಲದಲ್ಲಿ ಮಾಡಿನ ಸಂದಿಯಿಂದ ನೀರು ಇಳಿದು ನೆಲದ ಹಾಸಿನ ಕೆಳಗೆ ಕೂರುತ್ತದೆ. ಮೇಲೆ ಬಣ್ಣ ಫಳಫಳ, ಕೆಳಗೆ ತುಕ್ಕು. ಎಲ್ಲಕ್ಕಿಂತ ಮೊದಲು ಕೊಳೆಯುವುದು ಕಕ್ಕಸಿನ ಕೆಳಗೆ ಮತ್ತು ಅಡುಗೆಮನೆಯ ಮೋರಿಯ ಕೆಳಗೆ. ಪಾತ್ರೆ ತೊಳೆದವನಿಗೆ ಇದನ್ನು ವಿವರಿಸಬೇಕೆ? ನಾನು ಏಳನೇ ಇಯತ್ತೆ ಮುಗಿಸಿ ಕುಂದಾಪುರದಿಂದ ಇಲ್ಲಿಗೆ ಬಂದು ಮೂರು ವರ್ಷ ಮೋರಿಯ ಮುಂದೆಯೇ ನಿಂತವನು. ಕಟ್ಟಡ ಎಲ್ಲಿಂದ ಹಾಳಾಗುತ್ತದೆ ಎಂಬುದನ್ನು ಇಂಜಿನಿಯರಿಗಿಂತ ಮೊದಲು ಮೋರಿ ಹುಡುಗ ಕಾಣುತ್ತಾನೆ.

ಆದುದರಿಂದ ಮೊದಲು ಬೇಕಾದದ್ದು ಡಬ್ಬಿಯ ಮೇಲೊಂದು ಮಾಡು. ಆಮೇಲೆ ನೆಲದ ಹಾಸು ಎತ್ತಿಸಿ ಕೊಳೆತ ತಗಡು ಕತ್ತರಿಸಿ ಹೊಸತು ಬೆಸೆಯಬೇಕು. ಹಳೆಯ ಡಬ್ಬಿಗಳ ಗೋಡೆಯೊಳಗೆ ಶಾಖ ತಡೆಯಲು ಕಲ್ನಾರು ತುಂಬುವ ಪದ್ಧತಿ ಹಲವು ದೇಶಗಳಲ್ಲಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಕಲ್ನಾರು ಉಂಟೋ ಇಲ್ಲವೋ ಎಂದು ಪರೀಕ್ಷೆ ಮಾಡದೆ ಯಾವ ಕೂಲಿಯವನ ಕೈಗೂ ಉಳಿ ಸುತ್ತಿಗೆ ಕೊಡಕೂಡದು. ಹಳೆಯದನ್ನು ಉಳಿಸುವ ನೆಪದಲ್ಲಿ ಬಡವನ ಎದೆ ಹಾಳಾಗುವುದಾದರೆ ಆ ಡಬ್ಬಿ ಗುಜರಿಗೇ ಹೋಗಲಿ.

ನಮ್ಮ ನಾಡಿನಲ್ಲೂ ಒಳ್ಳೆಯ ಉದಾಹರಣೆ ಉಂಟು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ. ಅಲ್ಲಿ ಮಹಾರಾಣಿಯವರ ಸಲೂನು ಉಂಟು, 1899ರದು, ಅಡುಗೆಗೂ ಊಟಕ್ಕೂ ಏರ್ಪಾಡು ಇರುವಂಥದ್ದು. ಮಾಡಿನ ಕೆಳಗೆ ಇಟ್ಟದ್ದರಿಂದ ಇಷ್ಟು ಕಾಲ ಬಾಳಿದೆ. ದಿಲ್ಲಿಯ ಸಂಗ್ರಹಾಲಯದಲ್ಲಿ ಸರ್ ರೋಜರ್ ಲಮ್ಲಿ ಎಂಬ ವಿದ್ಯುತ್ ಇಂಜಿನು ಇದೆ. ಮೊದಲ ವರ್ಷಗಳಲ್ಲಿ ಡೆಕ್ಕನ್ ಕ್ವೀನ್ ಎಳೆದ ಜಾತಿಯದು. ರಾಣಿ ಕೂತ ಪೀಠ ಉಳಿಯಿತು, ಲಾಟಸಾಹೇಬರ ಹೆಸರಿನ ಇಂಜಿನು ಉಳಿಯಿತು, ಸಂತೋಷ. ಆ ಸಲೂನಿನಲ್ಲಿ ಒಲೆ ಹಚ್ಚಿದವನ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು?

ಇನ್ನೊಂದು ಬಗೆಯ ಉಳಿಸುವಿಕೆ ಈಗ ನಡೆಯುತ್ತಿದೆ. 2021ರಲ್ಲಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಹಳೆಯ ಡಬ್ಬಿಯೊಂದನ್ನು ಹಳಿಯ ತುಂಡಿನ ಮೇಲೆ ನಿಲ್ಲಿಸಿ ಹೋಟೆಲು ಮಾಡಿದರು. ಬೇರೆ ಊರುಗಳಲ್ಲೂ ಆದವು. ನಮಗೆ ಕೆಲಸ ಕೊಡುವ ಜಾಗ, ಅದನ್ನು ನಾನು ವಿರೋಧಿಸಲಾರೆ. ಆದರೆ ಒಳಗಿದ್ದದ್ದನ್ನೆಲ್ಲ ಕಿತ್ತು ಹೊಸ ಕುರ್ಚಿ, ಹೊಸ ದೀಪ, ತಣ್ಣನೆಯ ಗಾಳಿ ಹಾಕಿದ ಮೇಲೆ ಅದು ಡಬ್ಬಿಯ ಆಕಾರದ ಬಾಡಿಗೆ ಕಟ್ಟಡ. ಗಿರಣಿಯ ಸೋದರರಿಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಸ್ಟೇಷನ್ನಿನ ಸಮೀಪದ ರಾಜಾ ಬಹಾದ್ದೂರ್ ಗಿರಣಿಯ ಆವರಣದಲ್ಲಿ ಇವತ್ತು ಊಟದ ಮನೆಗಳು, ಪಾನದ ಮನೆಗಳು. ಗೋಡೆ ಉಳಿಯಿತು. ಮಗ್ಗದ ಸದ್ದು, ಪಾಳಿಯ ಭೋಂಗಾ, ನೂಲು ಹಿಡಿದ ಬೆರಳು, ಇವುಗಳನ್ನು ಅಲ್ಲಿ ಬಿಯರು ಕುಡಿಯುವ ಹುಡುಗನಿಗೆ ಯಾರು ಹೇಳುತ್ತಾರೆ?

ಡಬ್ಬಿಯ ಜೊತೆಗೆ ಕೆಲಸದ ತಿಳಿವಳಿಕೆಯೂ ಉಳಿಯಬೇಕು. ರೈಲಿನ ಅಡುಗೆಯಲ್ಲಿ ದುಡಿದ ನಮ್ಮ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ್ದು: ಕರ್ಜತ್ ದಾಟಿ ಹಿಂದಿನಿಂದ ತಳ್ಳುವ ಇಂಜಿನು ಸೇರಿದ ಮೇಲೆ ಕಪ್ಪಿಗೆ ಮುಕ್ಕಾಲು ಚಹಾ ಮಾತ್ರ ಹಾಕಬೇಕು. ಖಂಡಾಲಾ ಘಾಟಿಯಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಕಾಲು ಅಗಲಿಸಿ, ಮೊಣಕೈಯನ್ನು ಗೋಡೆಗೆ ಕೊಟ್ಟು, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತರೆ ಟ್ರೇ ಅಲುಗುವುದಿಲ್ಲವಂತೆ. ಎಣ್ಣೆಯ ಬಾಣಲೆಯನ್ನು ಯಾವ ತಿರುವಿಗೆ ಮೊದಲು ಇಳಿಸಬೇಕು ಎಂಬುದನ್ನು ಅವರು ಗಾಲಿಯ ಸದ್ದಿನಿಂದ ತಿಳಿಯುತ್ತಿದ್ದರು. ಕಣ್ಣು ಮಂಜಾಗಿರುವ ಈ ವಯಸ್ಸಿನಲ್ಲೂ ಕಪ್ಪು ಕೊಡುವಾಗ ಅವರ ಮೊಣಕಾಲು ತಾನಾಗಿ ಬಗ್ಗುತ್ತದೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಅವರು ಹೋದರೆ ಇದೂ ಹೋಯಿತು.

ಆದ್ದರಿಂದ ಸಂಘದ ಕಡೆಯಿಂದ ಪುಣೆ ವಿಭಾಗದ ರೈಲ್ವೆ ಮುಖ್ಯಾಧಿಕಾರಿಗಳಿಗೆ ಒಂದು ಮನವಿ ಬರೆದಿದ್ದೇವೆ. ಹಳೆಯ ಮಾದರಿಯ ಒಂದು ಊಟದ ಡಬ್ಬಿಯನ್ನು ಪುಣೆಯಲ್ಲಿ ಮಾಡಿನ ಕೆಳಗೆ ಇಡಬೇಕು. ಒಲೆ, ಮೋರಿ, ಪಾತ್ರೆಯ ಕಪಾಟುಗಳನ್ನು ಕೀಳದೆ ಇಡಬೇಕು. ಗಿರಾಕಿ ಕೂರುವ ಕಡೆಯನ್ನು ತೋರಿಸಿದಷ್ಟೇ ಚೆನ್ನಾಗಿ ಅಡುಗೆಯ ಕಡೆಯನ್ನೂ ಜನರಿಗೆ ತೋರಿಸಬೇಕು. ಅದನ್ನು ನೋಡಿಕೊಳ್ಳುವ ಕೆಲಸದಲ್ಲಿ ನಿವೃತ್ತ ಅಡುಗೆಯವರಿಗೂ ಸಂಬಳದ ಜಾಗ ಇರಬೇಕು. ಬಿಟ್ಟಿ ಸೇವೆ ಬೇಡ, ಅದನ್ನು ಮನವಿಯಲ್ಲಿ ಅಡಿಗೆರೆ ಹಾಕಿ ಬರೆದಿದೆ. ಮನವಿ ಮರಾಠಿಯಲ್ಲೂ ಕನ್ನಡದಲ್ಲೂ ಇದೆ, ಏಕೆಂದರೆ ಆ ಅಡುಗೆಮನೆಗಳಲ್ಲಿ ಮರಾಠಿ ಸೋದರರ ಬೆವರೂ ಬಿದ್ದಿದೆ.

ನಾವು ಮಾಡಬೇಕಾದದ್ದೂ ಉಂಟು. ಯಾರ ಮನೆಯಲ್ಲಾದರೂ ರೈಲಿನ ಅಡುಗೆಯಲ್ಲಿ ದುಡಿದವರಿದ್ದರೆ ಹೆಸರು, ಊರು, ಇಸವಿ ಬರೆಸಿ. ಬಿಲ್ಲೆ, ಟೊಪ್ಪಿಗೆ, ತಿಂಡಿಯ ಪಟ್ಟಿ, ಫೋಟೋ ಏನಿದ್ದರೂ ತನ್ನಿ. ಫೋಟೋ ತೆಗೆದುಕೊಂಡು ಅಲ್ಲೇ ಹಿಂದೆ ಕೊಡುತ್ತೇವೆ. ಗಿರಣಿಯವರು ತಮ್ಮ ಹಾಜರಿ ಚೀಟಿ, ಪಗಾರದ ಪುಸ್ತಕ ತಂದರೂ ಒಂದೇ ಕಡತದಲ್ಲಿ ಸೇರಿಸೋಣ. ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಹೋಟೆಲಿನವರಿಗೆ ಕೊಂಚ ಬಿಡುವಾಗುವ ಹೊತ್ತಿಗೆ, ಸಂಘದ ಕೋಣೆ ತೆರೆದಿರುತ್ತದೆ. ಪಾಳಿಯಿಂದಾಗಿ ಆಗ ಬರಲಾಗದವರಿಗಾಗಿ ಮನವಿಯ ಹಾಳೆ ರಾತ್ರಿ ಹತ್ತರವರೆಗೆ ಮೇಜಿನ ಮೇಲೆಯೇ ಇರುತ್ತದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು.