ಶಿಫಾರಸು ಪತ್ರ ಕೇಳುವ ಬಗೆ

(ಬೆಸೆಂಟ್ ನಗರದ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ಮೇಲಿನ ಓದಿಗೋ ಒಳ್ಳೆಯ ಕೆಲಸಕ್ಕೋ ಅರ್ಜಿ ಬರೆಯುತ್ತೇವೆ. ಆದರೆ ಹಳೆಯ ಪ್ರಾಧ್ಯಾಪಕರಿಂದ ಶಿಫಾರಸು ಪತ್ರ ಬೇಕೆಂದಾಗ ಕೈ ತಡೆಯುತ್ತದೆ. ಅವರಿಗೆ ನಮ್ಮ ನೆನಪಿದ್ದೀತೆ ಎಂಬ ಸಂಕೋಚ.

ಇದೇ ಊರಿನ ಒಂದು ಸಂಗತಿಯನ್ನು ನೆನೆಯೋಣ. 1912ರ ಫೆಬ್ರವರಿ 9ರಂದು ಶ್ರೀನಿವಾಸ ರಾಮಾನುಜನ್ ಮದರಾಸು ಪೋರ್ಟ್ ಟ್ರಸ್ಟಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದರು. ಎಫ್.ಎ. ತೇರ್ಗಡೆಯಾಗಿರಲಿಲ್ಲ. ಅರ್ಜಿಯ ಜೊತೆಗಿದ್ದುದು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರ ಪತ್ರ. ರಾಮಾನುಜನ್ ಆ ಕಾಲೇಜಿನಲ್ಲಿ ಓದಿದವರೂ ಅಲ್ಲ. ಸಂಖ್ಯೆಗಳಲ್ಲಿ ಈತನಿಗೆ ಅಸಾಧಾರಣ ಶಕ್ತಿಯಿದೆ, ಲೆಕ್ಕದಲ್ಲಿ ಬಲು ಚುರುಕು ಎಂಬುದು ಪತ್ರದ ಸಾರ. ಲೆಕ್ಕದ ಮೇಜಿಗೆ ಬೇಕಾದದ್ದೂ ಅದೇ. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿಯ ಕೆಲಸಕ್ಕೆ ಸೇರಿದರು. ಮುಂದಿನದನ್ನು ಲೋಕವೇ ಬಲ್ಲದು.

ಆದ್ದರಿಂದ ನಾವೂ ಬರಿಗೈಯಲ್ಲಿ ಕೇಳಬಾರದು. ಯಾವ ವರ್ಷ ಯಾವ ಪಾಠ ಕೇಳಿದೆವು, ಈಗೇನು ಮಾಡುತ್ತಿದ್ದೇವೆ, ಪತ್ರ ಯಾವ ಕೆಲಸಕ್ಕೆ, ಕೊನೆಯ ದಿನಾಂಕ ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಅಂಕಪಟ್ಟಿಯ ನಕಲಿನೊಡನೆ ಎರಡು ಮೂರು ವಾರ ಮೊದಲೇ ಕಳಿಸೋಣ. "ತಮಗೆ ಮನಸ್ಸೊಪ್ಪಿದರೆ ಮಾತ್ರ" ಎಂಬ ಮಾತನ್ನೂ ಸೇರಿಸೋಣ. ಮನಸ್ಸಿಲ್ಲದೆ ಬರೆದ ಪತ್ರದಿಂದ ನಮಗೇ ಕೇಡು. ಫಲ ಏನೇ ಆಗಲಿ, ಅವರಿಗೆ ತಿಳಿಸೋಣ. ಕಾಯುತ್ತಿರುವವರು ನಾವು ಮಾತ್ರವಲ್ಲ, ಅವರೂ ಹೌದು.

ಬರೆಯಲು ತೋಚದವರು ಭಾನುವಾರ ಇಲ್ಲಿಗೆ ಬನ್ನಿ, ಕೂಡಿ ಕೂತು ಬರೆಯೋಣ.