ಅಡ್ಡಹೆಸರು ಬೆಳೆಯುವ ಬಗೆ, ಅಳಿಯುವ ಬಗೆ

(ಹಗರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಲ್ಲಿ ಕುಳಿತಿರುವ ನಮ್ಮಲ್ಲಿ ಬಹುಪಾಲು ಜನಕ್ಕೆ ಅಡ್ಡಹೆಸರೇ ಇಲ್ಲ. ಹಗರೆ, ಹಳೇಬೀಡು, ಬೇಲೂರು, ಅರಸೀಕೆರೆ ಕಡೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು, ಅಲ್ಲಿಗೆ ಮುಗಿಯಿತು. ನಿಜಲಿಂಗಪ್ಪನವರ ‘ಎಸ್’ ಎಂದರೆ ಸಿದ್ದವ್ವನಹಳ್ಳಿ. ಉತ್ತರ ಕರ್ನಾಟಕಕ್ಕೆ ಹೋದರೆ ಲೆಕ್ಕ ಬೇರೆ. ನಾನು ನೀರಾವರಿ ಇಲಾಖೆಯಲ್ಲಿದ್ದಾಗ ಕೆಲವು ವರ್ಷ ಕೃಷ್ಣಾ ತೀರದಲ್ಲಿ ಕೆಲಸ ಮಾಡಿದೆ. ಹೋದ ವಾರದಲ್ಲೇ ಕೇಳಿದರು: “ಸಾಹೇಬ್ರ, ನಿಮ್ಮ ಅಡ್ಡಹೆಸರು ಏನ್ರೀ?” ಇಲ್ಲ ಅಂದೆ. ಯಾರೂ ನಂಬಲಿಲ್ಲ. ಒಳಪಂಗಡ ಗೊತ್ತಾಗಬಾರದೆಂದು ಮುಚ್ಚಿಡುತ್ತಿದ್ದಾನೆ ಅಂದುಕೊಂಡರು.

ಅಲ್ಲಿ ಭೂಸ್ವಾಧೀನದ ಪಟ್ಟಿಗಳನ್ನು ಓದುವುದು ನನ್ನ ಪಾಲಿಗಿತ್ತು. ಪಾಟೀಲ, ಹಿರೇಮಠ, ಅಂಗಡಿ ಇವು ಊರೂರಿನಲ್ಲೂ ಸಿಗುತ್ತಿದ್ದವು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಪರೂಪಕ್ಕೆ. ಪಾಟೀಲರು ಅಷ್ಟು ಜನ ಇರುವುದು ಯಾರೋ ಒಬ್ಬ ಮೂಲಪುರುಷನ ಸಂತಾನ ಹಬ್ಬಿದ್ದರಿಂದ ಅಲ್ಲ. ಪಾಟೀಲಕಿ ಒಂದು ಹುದ್ದೆ. ಊರಿಗೊಂದು ಪಾಟೀಲರ ಮನೆ, ಊರಿಗೊಂದು ಹಿರೇಮಠ. ಆ ಹೆಸರಿನ ಸಂಖ್ಯೆ ಅಳೆಯುವುದು ವಂಶವನ್ನಲ್ಲ, ಊರುಗಳನ್ನು. ಅದಕ್ಕೇ ಲಿಂಗಾಯತರಲ್ಲೂ ಪಾಟೀಲರಿದ್ದಾರೆ, ಜೈನರಲ್ಲೂ, ಮರಾಠರಲ್ಲೂ, ಮುಸ್ಲಿಮರಲ್ಲೂ ಇದ್ದಾರೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂತು. ಹುದ್ದೆ ಹೋಯಿತು, ಹೆಸರು ಮಾತ್ರ ಇನ್ನೂ ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತಲೇ ಇದೆ.

ಒಂದೇ ಮನೆಯಿಂದ ಹುಟ್ಟಿದ ಅಡ್ಡಹೆಸರಿನ ಪಾಡು ಬೇರೆ. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಮತ್ತು ವಾಟ್ಸನ್ ಎಂಬಿಬ್ಬರು 1874ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ಎಂಜಿನಿಯರ್ ಆದವನಿಗೆ ಲೆಕ್ಕ ಹೇಳದೆ ಸಮಾಧಾನವಿಲ್ಲ, ಸಹಿಸಿಕೊಳ್ಳಿ. ನೂರು ಗಂಡಸರು, ನೂರು ಬೇರೆ ಬೇರೆ ಅಡ್ಡಹೆಸರು. ಸರಾಸರಿ ಒಬ್ಬರಿಗೆ ಒಬ್ಬ ಮಗ. ಆದರೆ ಹಂಚಿಕೆ ಆಕಸ್ಮಿಕ, ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಸೊನ್ನೆ. ಮೊದಲ ತಲೆಮಾರಿಗೇ ಸುಮಾರು 37 ಹೆಸರು ಹೋಗುತ್ತವೆ. ಮೊಮ್ಮಕ್ಕಳ ಕಾಲಕ್ಕೆ 53, ಮರಿಮಕ್ಕಳ ಕಾಲಕ್ಕೆ 63. ಗಂಡಸರ ಸಂಖ್ಯೆ ಹೆಚ್ಚುಕಡಿಮೆ ನೂರರ ಆಸುಪಾಸಿನಲ್ಲೇ ಇರುತ್ತದೆ, ಹೆಸರುಗಳು ಮಾತ್ರ ಕರಗುತ್ತವೆ. ಯಾರೂ ಶಾಪ ಹಾಕಬೇಕಾಗಿಲ್ಲ, ಯಾರೂ ಪಾಪ ಮಾಡಬೇಕಾಗಿಲ್ಲ. “ವಂಶ ಉಳಿಯಲಿ” ಎಂದು ಗಂಡುಮಗುವಿಗೆ ಹರಕೆ ಹೊರುವ ಬಂಧುಗಳಿಗೆ ಇದನ್ನು ಹೇಳಿದ್ದೇನೆ. ಆ ಲೆಕ್ಕದಲ್ಲಿ ಹೆಣ್ಣುಮಕ್ಕಳನ್ನು ಎಣಿಸಿಯೇ ಇಲ್ಲ ಎಂಬುದನ್ನೂ ಹೇಳಿದ್ದೇನೆ. ಮನೆ ಉಳಿದಿದೆ, ಮಗಳಿದ್ದಾಳೆ. ಹೆಸರಿನ ಪಟ್ಟಿಯಲ್ಲಿ ಮಾತ್ರ ಸೊನ್ನೆ.

ಮೂರನೆಯ ಕಾರಣ ಪ್ರತಿಷ್ಠೆ. ಕೊರಿಯಾದಲ್ಲಿ ಐವರಲ್ಲಿ ಒಬ್ಬರ ಮನೆತನದ ಹೆಸರು ಕಿಮ್. ಅಡ್ಡಹೆಸರೇ ಇಲ್ಲದಿದ್ದ ಸಾಮಾನ್ಯರು, ಜೀತದವರು ಕಾಲ ಬದಲಾದಾಗ ದೊಡ್ಡ ಮನೆತನಗಳ ಹೆಸರು ಹಿಡಿದದ್ದು ಅದಕ್ಕೊಂದು ದೊಡ್ಡ ಕಾರಣ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಕೀಳಾಗಿ ಕಂಡವರ ನಡುವೆ ಬದುಕಬೇಕಲ್ಲ.

ಆದರೆ ನಮ್ಮಲ್ಲಿ ಇದು ನಡೆಯುವಾಗ ನನಗೆ ಸಂಕಟ. ಕುಂಬಾರ, ಗಾಣಿಗೇರ, ಹಡಪದ, ಮಡಿವಾಳರ ಎಂಬ ಹೆಸರುಳ್ಳ ಮನೆಯ ಹುಡುಗರು ನಗರಕ್ಕೆ ಹೋದ ಮೇಲೆ ಅದನ್ನು ಬಿಟ್ಟು ಊರಿನ ಹೆಸರೋ ಅಪ್ಪನ ಹೆಸರೋ ಹಚ್ಚಿಕೊಳ್ಳುವುದನ್ನು ಕಂಡಿದ್ದೇನೆ. ಪಾಟೀಲ ಎಂಬುದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆದದ್ದು ಇದರ ತಿರುವುಮುರುವು. ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಮಾರಯ್ಯ. ಕಾಯಕ ಹೆಸರಿನ ಹಿಂದೆ ಅಡಗಿ ನಿಂತಿಲ್ಲ, ಮುಂದೆ ನಿಂತಿದೆ. ಬಸವಣ್ಣನವರಂತೂ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನು ತಾನೆಂದು ವಚನದಲ್ಲಿ ಹೇಳಿಕೊಂಡರು. ಮನೆತನವನ್ನು ಕೆಳಗಿನಿಂದ ಆರಿಸಿಕೊಂಡ ಮಂತ್ರಿ ಅವರು. ಹುಡುಗರನ್ನು ಬೈಯುವ ಮೊದಲು, ಮದುವೆಯ ಮಾತುಕತೆಯಲ್ಲಿ ಅಡ್ಡಹೆಸರು ಕೇಳಿದೊಡನೆ ಮುಖ ಸಪ್ಪಗೆ ಮಾಡುವ ಹಿರಿಯರು ಯಾರೆಂದು ನೋಡಿಕೊಳ್ಳೋಣ. ಇಷ್ಟಲಿಂಗ ಕಟ್ಟಿದವರೇ ಅವರೂ.

ಅಡ್ಡಹೆಸರಿಲ್ಲದ ನಮ್ಮ ಕಡೆಗೂ ಈ ಪ್ರಶ್ನೆ ಈಗ ಬಂದಿದೆ, ಪಾಸ್‌ಪೋರ್ಟಿನ ಅರ್ಜಿಯ ದಾರಿಯಲ್ಲಿ. ಅಲ್ಲಿ ‘ಸರ್‌ನೇಮ್’ ಎಂದೊಂದು ಖಾನೆ. ತುರ್ಕಿಯಲ್ಲಿ 1934ರ ಕಾನೂನು ಎಲ್ಲರಿಗೂ ಅಡ್ಡಹೆಸರು ಕಡ್ಡಾಯ ಮಾಡಿತು. ಐಸ್‌ಲ್ಯಾಂಡಿನವರು ಇಂದಿಗೂ ನಮ್ಮಂತೆ ಅಪ್ಪನ ಹೆಸರಿನಲ್ಲೇ, ಕೆಲವರು ಅಮ್ಮನ ಹೆಸರಿನಲ್ಲಿ, ನಡೆಸುತ್ತಿದ್ದಾರೆ. ನಮ್ಮ ಮನೆಯಲ್ಲಿ ಮಗನ ಖಾನೆಯಲ್ಲಿ ನನ್ನ ಹೆಸರು, ಮೊಮ್ಮಗಳ ಖಾನೆಯಲ್ಲಿ ಅವನ ಹೆಸರು. ಒಂದೇ ಮನೆಗೆ ಎರಡು ಅಡ್ಡಹೆಸರು, ಎರಡೂ ಹೊಸವು. ಕೆಲವರು ಈ ಖಾನೆ ತುಂಬಲು ಜಾತಿಸೂಚಕ ಪದ ಹುಡುಕುತ್ತಿದ್ದಾರೆ. ನಮ್ಮ ಹಿರಿಯರು ನಮಗೆ ಹೊರಿಸದೆ ಹೋದ ಹೊರೆ ಅದು, ನಾವಾಗಿ ಹೊರಬೇಕಾಗಿಲ್ಲ. ತಂದೆಯ ಹೆಸರು ಬರೆಯಿರಿ, ತಾಯಿಯದಾದರೆ ಇನ್ನೂ ಸಂತೋಷ. ಯಾವುದನ್ನೇ ಬರೆದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಇನಿಷಿಯಲ್ ಬಿಡಿಸಿ, ಒಂದೇ ಕಾಗುಣಿತದಲ್ಲಿ, ಮಗುವನ್ನು ಶಾಲೆಗೆ ಸೇರಿಸುವ ದಿನವೇ ತೀರ್ಮಾನಿಸಿ ಬರೆಸಿ.